ಬೋರ್ಡು ಆಮೇಲೆ ಓದಿ, ಮೊದಲು ಹಗ್ಗದ ವಾಸನೆ ನೋಡಿ

ಪ್ರಶ್ನೆ: ಮೇಡಂ, ನನಗೆ 61 ವರ್ಷ. ತೀರ್ಥಹಳ್ಳಿ ಕಡೆಯವನು, ಬ್ಯಾಂಕ್ ಕೆಲಸದಿಂದ ನಿವೃತ್ತನಾಗಿದ್ದೇನೆ. ಚಿಕ್ಕಂದಿನಿಂದ ಯಕ್ಷಗಾನದ ಹುಚ್ಚು. ಭಾಗವತರು ಎಲ್ಲಿ ಎಡವಿದರು, ಯಾರು ಅರ್ಥ ಹೇಳುತ್ತಾ ಪ್ರಸಂಗವನ್ನು ಎಳೆದರು ಎಂದು ಯಾರೆದುರೂ ಧೈರ್ಯವಾಗಿ ಹೇಳಬಲ್ಲೆ. ಮಗಳು ಎರ್ನಾಕುಲಂನಲ್ಲಿ ಕೆಲಸದಲ್ಲಿದ್ದಾಳೆ, ಅವಳ ಒತ್ತಾಯಕ್ಕೆ ಕೊಚ್ಚಿ ಬಿನಾಲೆ, ಅಂದರೆ ಎರಡು ವರ್ಷಕ್ಕೊಮ್ಮೆ ನಡೆಸುವ ದೊಡ್ಡ ಕಲಾ ಪ್ರದರ್ಶನ, ನೋಡಲು ಹೋದೆ. ಆಮೇಲೆ ಬೆಂಗಳೂರಿನಲ್ಲೂ ಎರಡು ಮೂರು ಗ್ಯಾಲರಿ ಸುತ್ತಿದೆ. ಒಂದು ಉಗ್ರಾಣದಲ್ಲಿ ಬರೀ ಹಗ್ಗದ ರಾಶಿ, ಇನ್ನೊಂದರಲ್ಲಿ ಕತ್ತಲೆ ಮತ್ತು ಶಬ್ದ. ಸುತ್ತಲಿದ್ದವರೆಲ್ಲ ಕೃತಿಯ ಪಕ್ಕದ ವಿವರಣೆಯ ಬೋರ್ಡು ಓದಿ ತಲೆ ಆಡಿಸುತ್ತಿದ್ದರು. ನನಗೆ ನಾಲಿಗೆಯೇ ಏಳಲಿಲ್ಲ. ನೋಟ್‌ಬುಕ್ಕಿನಲ್ಲಿ ಅನಿಸಿಕೆ ಬರೆಯುವ ಅಭ್ಯಾಸ ಇದೆ. ಅವತ್ತು ಬರೆದದ್ದು ಒಂದೇ ಸಾಲು: 'ಹಗ್ಗದ ವಾಸನೆ ನಮ್ಮ ಹಳೇ ಕೊಟ್ಟಿಗೆಯದೇ.' ಇಂಥ ಅನಿಸಿಕೆಗೆ ಏನಾದರೂ ಬೆಲೆ ಇದೆಯೇ? ಬೋರ್ಡು ಮೊದಲು ಓದಬೇಕೋ, ಆಮೇಲೋ? ಏನೂ ಅನಿಸದಿದ್ದರೆ ತಪ್ಪು ನನ್ನದೋ, ಕಲಾವಿದರದೋ?

ಉತ್ತರ: ಬೆಲೆ ಇದೆ. ಆ ಒಂದು ಸಾಲು ಓದಿಯೇ ನಿಮಗೆ ಉದ್ದವಾಗಿ ಉತ್ತರ ಬರೆಯಲು ಕುಳಿತೆ. ಆದರೆ ಆ ಸಾಲಿಗೆ ಯಾಕೆ ಬೆಲೆ ಅನ್ನುವುದನ್ನು ಹೇಳಲು ನಾನು ಸ್ವಲ್ಪ ಹಿಂದಕ್ಕೆ, 2012ರ ಡಿಸೆಂಬರಿಗೆ ಹೋಗಬೇಕು.

ಕೊಚ್ಚಿ-ಮುಜಿರಿಸ್ ಬಿನಾಲೆ ಮೊದಲ ಸಲ ಬಾಗಿಲು ತೆರೆದದ್ದು 2012ರ ಡಿಸೆಂಬರ್ 12ರಂದು. ಬೋಸ್ ಕೃಷ್ಣಮಾಚಾರಿ ಮತ್ತು ರಿಯಾಸ್ ಕೋಮು ಎಂಬ ಇಬ್ಬರು ಕಲಾವಿದರು ಕಟ್ಟಿದ್ದು. ಕಾಳುಮೆಣಸು, ತೆಂಗಿನೆಣ್ಣೆ, ನಾರು ತುಂಬಿಡುತ್ತಿದ್ದ ಹಳೇ ಉಗ್ರಾಣಗಳೇ ಅಲ್ಲಿ ಗ್ಯಾಲರಿಗಳು. ಅಲ್ಲಿ ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ, ಸ್ವಿಸ್ ಕಲಾವಿದ ಕ್ರಿಸ್ಟೊಫ್ ಸ್ಟಾರ್ಜ್ ಅವರ ಜೊತೆ ಸೇರಿ ಮಾಡಿದ ಒಂದು ಕೃತಿ ಇತ್ತು. ಹೆಸರು 'ಸ್ಟಾಪ್‌ಓವರ್'. ನೆಲದ ತುಂಬ ಒರಳುಕಲ್ಲುಗಳು, ನೂರೈವತ್ತಕ್ಕೂ ಹೆಚ್ಚು. ಎಲ್ಲ ಬೆಂಗಳೂರಿನಿಂದ ತಂದವು. ಹಳೇ ಮನೆ ಕೆಡವಿದಾಗ, ಅಡುಗೆಮನೆಗೆ ಮಿಕ್ಸಿ, ಗ್ರೈಂಡರ್ ಬಂದಾಗ ಜನ ಒರಳನ್ನು ಒಡೆಯುವುದಿಲ್ಲ. ಅನ್ನ ಕೊಟ್ಟ ಕಲ್ಲು, ಒಡೆಯಲು ಮನಸ್ಸು ಬಾರದು. ಹೊತ್ತು ತಂದು ಬೀದಿ ಬದಿಗೆ, ಮರದ ಬುಡಕ್ಕೆ ಇಟ್ಟುಬಿಡುತ್ತಾರೆ. ಹಾಗೆ ಯಾರದೂ ಅಲ್ಲದೆ ಬಿದ್ದಿದ್ದ ಕಲ್ಲುಗಳನ್ನು ಈ ಇಬ್ಬರು ಆರಿಸಿ, ಲಾರಿಗೆ ಹೇರಿ, ಕಡಲ ಬದಿಯ ಊರಿಗೆ ತಂದಿದ್ದರು.

ನಾನು ಅಲ್ಲಿ ನಿಂತಿದ್ದಾಗ ತುಮಕೂರು ಕಡೆಯ ಒಬ್ಬ ಅಜ್ಜಿ ಮೊಮ್ಮಗನ ಜೊತೆ ಬಂದರು. ಬೋರ್ಡಿನ ಕಡೆ ಅವರು ನೋಡಲೇ ಇಲ್ಲ. ಕಲ್ಲಿಂದ ಕಲ್ಲಿಗೆ ಹೋಗಿ ಗುಳಿಯೊಳಗೆ ಬಗ್ಗಿ ನೋಡುತ್ತಾ, 'ಇದು ಹದಿನೈದು ಜನರ ಮನೇದು', 'ಇದು ಗಂಡ ಹೆಂಡತಿ ಇಬ್ಬರೇ ಇದ್ದರೇನೋ' ಎಂದು ಮೊಮ್ಮಗನಿಗೆ ಹೇಳುತ್ತಿದ್ದರು. ಒಂದು ಕಲ್ಲಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು ಸುಮಾರು ಹೊತ್ತು ನೋಡಿದರು. 'ಅಯ್ಯೋ, ಇದಕ್ಕೆ ಕುಟ್ಟಿಸಿ ವರ್ಷವೂ ಆಗಿರಲಿಲ್ಲ ಕಣೋ, ಅಷ್ಟರಲ್ಲೇ ಬೀದಿಗಿಟ್ಟಿದ್ದಾರೆ' ಅಂದರು.

ನಾನು ಬಗ್ಗಿ ನೋಡಿದೆ. ಗುಳಿಯ ಗೋಡೆಯ ಮೇಲೆ ಉಳಿಯ ಚುಕ್ಕಿಗಳು ಇನ್ನೂ ಚೂಪಾಗಿದ್ದವು. ರುಬ್ಬಿ ರುಬ್ಬಿ ನುಣುಪಾದ ಒರಳನ್ನು ಮತ್ತೆ ತರಿಯಾಗಿಸಲು ಕಲ್ಲು ಕುಟ್ಟುವವರು ಮನೆಮನೆಗೆ ಬರುತ್ತಿದ್ದರಲ್ಲ, ಅವರ ಉಳಿಯ ಗುರುತು. ಅಂದರೆ ಆ ಮನೆಯವರು ಇನ್ನೂ ಬಹಳ ಕಾಲ ಇದರಲ್ಲೇ ರುಬ್ಬುತ್ತೇವೆ ಅಂದುಕೊಂಡಿದ್ದರು. ಏನಾಯಿತೋ, ಮನೆ ಮಾರಿಹೋಯಿತೋ, ರುಬ್ಬುವ ಕೈ ಇಲ್ಲವಾಯಿತೋ. ಕಲೆಯ ಇತಿಹಾಸ ಪಾಠ ಮಾಡುವ ನಾನು ಆ ಕೃತಿಯ ಮುಂದೆ ಅಷ್ಟು ಹೊತ್ತು ನಿಂತಿದ್ದರೂ ವಲಸೆ, ನಗರೀಕರಣ ಎಂಬ ದೊಡ್ಡ ಮಾತುಗಳನ್ನೇ ಯೋಚಿಸುತ್ತಿದ್ದೆ. ಆ ಚುಕ್ಕಿಗಳು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಜ್ಜಿಗೆ ಬಿದ್ದವು, ಯಾಕೆಂದರೆ ಅವರು ಅರ್ಥ ಹುಡುಕಲಿಲ್ಲ, ಕಲ್ಲನ್ನು ನೋಡಿದರು. ಅವತ್ತಿನಿಂದ ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವ ಮೊದಲ ಮಾತು ಬದಲಾಯಿತು: ಇದು ಏನು ಹೇಳುತ್ತಿದೆ ಎಂದು ಕೇಳುವ ಮೊದಲು ಇದು ಯಾವುದರಿಂದ ಆಗಿದೆ ಎಂದು ನೋಡಿ.

ನಮ್ಮ ಕಡೆಯ ಸಮಕಾಲೀನ ಕಲೆಗೆ ಈ ಮಾತು ಬಹಳ ಚೆನ್ನಾಗಿ ಹೊಂದುತ್ತದೆ. ಶೀಲಾ ಗೌಡ ಅವರನ್ನೇ ತೆಗೆದುಕೊಳ್ಳಿ. ಚಿತ್ರ ಬರೆಯುತ್ತಿದ್ದವರು 1990ರ ದಶಕದ ಆರಂಭದಲ್ಲಿ ಸೆಗಣಿಯನ್ನು ಕೈಗೆತ್ತಿಕೊಂಡರು. ಆಮೇಲೆ ಸೂಜಿಗಳಿಗೆ ಮಾರುಗಟ್ಟಲೆ ದಾರ ಪೋಣಿಸಿ, ಆ ದಾರಗಳನ್ನೆಲ್ಲ ಒಟ್ಟು ಮಾಡಿ, ಅಂಟು ಕುಂಕುಮ ಸವರಿ ಕೆಂಪು ಹಗ್ಗ ಮಾಡಿದರು. ಗೋಡೆಯಿಂದ ನೆಲಕ್ಕೆ ಕರುಳಿನಂತೆ ಇಳಿಯುವ ಆ ಹಗ್ಗದ ತುದಿಯಲ್ಲಿ ಸೂಜಿಗಳು ಗೊಂಚಲಾಗಿ ಹಾಗೇ ಇವೆ. 2009ರ ವೆನಿಸ್ ಬಿನಾಲೆಯಲ್ಲಿ ಅವರು ಇಟ್ಟ 'ಬಿಹೋಲ್ಡ್' ಕೃತಿಯಲ್ಲಿ ಸುಮಾರು 4,000 ಮೀಟರ್ ಉದ್ದದ ಕೂದಲ ಹಗ್ಗ ಮತ್ತು ಕಾರಿನ 20 ಬಂಪರ್‌ಗಳು. ಈಗ ಅದು ಲಂಡನ್ನಿನ ಟೇಟ್ ಮ್ಯೂಸಿಯಂ ಸಂಗ್ರಹದಲ್ಲಿದೆ. ಅಲ್ಲಿಯ ನೋಡುಗನಿಗೆ ಕೂದಲ ಹಗ್ಗಕ್ಕೂ ಬಂಪರಿಗೂ ಏನು ಸಂಬಂಧ ಎಂದು ಬೋರ್ಡು ತಿಳಿಸಿ ಹೇಳಬೇಕು. ನಿಮಗೆ ಯಾರೂ ಹೇಳಬೇಕಾಗಿಲ್ಲ. ಹೊಸ ಗಾಡಿಗೆ ದೃಷ್ಟಿ ತಾಗದಿರಲಿ ಎಂದು ಕಟ್ಟುವ ಕಪ್ಪು ಹಗ್ಗವನ್ನು ನೀವು ಬಸ್‌ಸ್ಟ್ಯಾಂಡಿನಲ್ಲಿ ದಿನಾ ನೋಡಿದ್ದೀರಿ. ದೇವರಿಗೆ ಮುಡಿ ಕೊಟ್ಟ ಕೂದಲು ಇನ್ನೊಬ್ಬರ ಗಾಡಿ ಕಾಯುವ ಹಗ್ಗವಾಗುವುದು, ಕಬ್ಬಿಣದಷ್ಟು ಭಾರವನ್ನು ಕೂದಲು ಎತ್ತಿ ಹಿಡಿಯುವುದು, ಇದನ್ನು ಬೋರ್ಡು ಓದಿ ತಿಳಿದವನಿಗಿಂತ ಮೊದಲೇ ಗೊತ್ತಿರುವವನು ಬೇರೆ ರೀತಿ ನೋಡುತ್ತಾನೆ.

ಹಾಗಾಗಿ ಅಲ್ಲಿ ತಲೆ ಆಡಿಸುತ್ತಿದ್ದವರ ಮುಂದೆ ನೀವು ಕುಗ್ಗಬೇಕಾಗಿರಲಿಲ್ಲ. ನಿಮ್ಮ ಸೀಮೆಯಲ್ಲೇ ನೋಡಿ. ದೀವರ ಮನೆಗಳ ಹಸೆ ಚಿತ್ತಾರ ನೋಡಿ ಬೆಳೆದವರು ನೀವು. ಕೆಮ್ಮಣ್ಣಿನ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಮದುವೆಗೆಂದು ಬರೆದದ್ದು, ಮತ್ತೊಂದು ಸಲ ಗೋಡೆ ಸಾರಿಸುವಾಗ ಅಳಿದುಹೋಗುವುದು. ಭೂಮಿ ಹುಣ್ಣಿಮೆಗೆ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ಹೊತ್ತು ಗದ್ದೆಗೆ ಹೋಗುವುದು. ಚೌಕಟ್ಟಿಲ್ಲದ, ಒಂದು ಜಾಗಕ್ಕೆ ಒಂದು ದಿನಕ್ಕೆ ಮಾತ್ರ ಸೇರಿದ, ಮೈಯಿಂದ ನಡೆದು ಅನುಭವಿಸುವ ಕಲೆ ನಿಮಗೆ ಹೊಸದಲ್ಲ. ಇನ್‌ಸ್ಟಲೇಶನ್ ಎಂಬ ಹೆಸರು ಮಾತ್ರ ಹೊಸದು.

ಈಗ ಬೋರ್ಡಿನ ವಿಚಾರ. ನಾನು ಆಮೇಲೆ ಓದುತ್ತೇನೆ, ನೀವೂ ಹಾಗೇ ಮಾಡಿ ಎನ್ನುತ್ತೇನೆ. ಅದಕ್ಕೆ ಕಾರಣ 2016ರ ಬಿನಾಲೆಯಲ್ಲಿ ನಾನು ಕಂಡ ಒಂದು ಕೃತಿ. ಚಿಲಿ ದೇಶದ ಕವಿ ರೌಲ್ ಸುರಿಟಾ ಒಂದು ಉದ್ದನೆ ಉಗ್ರಾಣದೊಳಕ್ಕೆ ಸಮುದ್ರದ ನೀರನ್ನೇ ತುಂಬಿಸಿದ್ದರು. ಚಪ್ಪಲಿ ಹೊರಗೆ ಬಿಟ್ಟು ಸೀರೆ ಎತ್ತಿ ಕಟ್ಟಿ ನೀರಿಗಿಳಿದೆ. ಕಾಲಿಗೆ ತಣ್ಣಗೆ, ತಳ ಕಾಣದು, ಹೆಜ್ಜೆ ನಿಧಾನ. ಎರಡೂ ಬದಿಯ ಗೋಡೆಗಳಲ್ಲಿ ಪ್ರಶ್ನೆಗಳು: ಕೇಳಿಸುತ್ತಿಲ್ಲವೇ, ಕಾಣುತ್ತಿಲ್ಲವೇ ಎಂಬ ಅರ್ಥದವು. ಯಾರನ್ನು ಕೇಳುತ್ತಿದ್ದಾರೆ, ಯಾರು ಕೇಳುತ್ತಿದ್ದಾರೆ, ಗೊತ್ತಾಗುವುದಿಲ್ಲ. ನೀರಿನಲ್ಲೇ ನಡೆದು ಕೊನೆಯ ಗೋಡೆಗೆ ಹೋದಾಗ ಅಲ್ಲಿ ಒಂದು ಕವಿತೆ. 2015ರಲ್ಲಿ ಸಿರಿಯಾದ ನಿರಾಶ್ರಿತರ ದೋಣಿ ಮುಳುಗಿ ಸತ್ತು, ಟರ್ಕಿಯ ದಡದಲ್ಲಿ ಮುಖ ಕೆಳಗಾಗಿ ಬಿದ್ದಿದ್ದ ಪುಟ್ಟ ಅಲನ್ ಕುರ್ದಿಯ ಫೋಟೋವನ್ನು ಜಗತ್ತೆಲ್ಲ ನೋಡಿತು. ಅದೇ ದೋಣಿಯಲ್ಲಿ ಅವನ ಅಣ್ಣ ಗಾಲಿಪ್ ಕೂಡ ಮುಳುಗಿದ್ದ. ಅವನನ್ನು ಜಗತ್ತು ಹಾಗೆ ನೋಡಲಿಲ್ಲ. ಆ ನೀರು ಗಾಲಿಪ್‌ನಿಗೆ ಅರ್ಪಿಸಿದ್ದು.

ಅಷ್ಟು ಹೊತ್ತಿಗೆ ನನ್ನ ಕಾಲು ನೀರಲ್ಲಿತ್ತು. ಮತ್ತೆ ಅದೇ ನೀರಿನಲ್ಲಿ ವಾಪಸ್ ನಡೆಯಬೇಕು. ಬರುವಾಗ ಅದು ಬರೀ ನೀರಾಗಿತ್ತು, ಹೋಗುವಾಗ ಆಗಿರಲಿಲ್ಲ. ನಾನು ಹೊರಗೆ ಬಂದು ಒಂದು ಮರದ ಕೆಳಗೆ ಕೂತೆ, ಅವತ್ತು ಮತ್ತೇನೂ ನೋಡಲಾಗಲಿಲ್ಲ. ಬಾಗಿಲಲ್ಲೇ ಇಡೀ ವಿವರ ಓದಿಕೊಂಡು ಹೋಗಿದ್ದರೆ ನಾನು ಕರುಣೆಯನ್ನು ಮೊದಲೇ ಸಿದ್ಧ ಮಾಡಿಕೊಂಡು ಒಳಗೆ ಹೋಗುತ್ತಿದ್ದೆ. ಆ ತಣ್ಣನೆ ನೀರಿಗೆ ಏನೂ ಮಾಡಲು ಬಿಡುತ್ತಿರಲಿಲ್ಲ. ಕವಿಗೆ ಇದು ಗೊತ್ತಿತ್ತು, ಅದಕ್ಕೇ ಕವಿತೆಯನ್ನು ಕೊನೆಯಲ್ಲಿಟ್ಟರು.

ಬೋರ್ಡು ಓದಲೇಬೇಡಿ ಎಂದಲ್ಲ. ಓದಿ, ಆದರೆ ಕಣ್ಣು ಮೈ ತಮ್ಮ ಕೆಲಸ ಮುಗಿಸಿದ ಮೇಲೆ ಓದಿ, ಓದಿದ ಮೇಲೆ ಮತ್ತೊಮ್ಮೆ ಕೃತಿಯ ಹತ್ತಿರ ಹೋಗಿ. ಈ ಮೂರನೇ ಹೆಜ್ಜೆಯನ್ನು ಬಹಳ ಜನ ಇಡುವುದಿಲ್ಲ, ಅಲ್ಲೇ ನಷ್ಟ. ಇನ್ನೊಂದು ಸಂಗತಿ ನನ್ನನ್ನು ಬಹಳ ವರ್ಷದಿಂದ ನೋಯಿಸುತ್ತಿದೆ: ಕರ್ನಾಟಕದಲ್ಲೇ ನಡೆಯುವ ಎಷ್ಟೋ ಪ್ರದರ್ಶನಗಳಲ್ಲಿ ಬೋರ್ಡು ಇಂಗ್ಲಿಷಿನಲ್ಲಿ ಮಾತ್ರ ಇರುತ್ತದೆ, ಅದೂ ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಎರಡು ಸಲ ಓದಬೇಕಾದ ಇಂಗ್ಲಿಷ್. ಅರ್ಧ ಓದಿ ಬಿಟ್ಟೆ ಎಂದು ನಾಚಿಕೊಳ್ಳಬೇಡಿ. ಅಲ್ಲಿ ಕೂತ ಸಿಬ್ಬಂದಿಯನ್ನು ಕನ್ನಡದಲ್ಲೇ ಕೇಳಿ. ಅವರು ತಿಂಗಳುಗಟ್ಟಲೆ ಆ ಕೃತಿಯ ಜೊತೆ ದಿನವಿಡೀ ಇರುತ್ತಾರೆ. ಯಾವ ಮಗು ಏನು ಕೇಳಿತು, ಜನ ಯಾವ ಕಡೆಯಿಂದ ಬಂದು ನಿಲ್ಲುತ್ತಾರೆ ಎಂಬುದೆಲ್ಲ ಅವರಿಗೆ ಗೊತ್ತು. ನನಗೆ ಒಳ್ಳೊಳ್ಳೆ ಸುಳಿವು ಕೊಟ್ಟವರಲ್ಲಿ ಕಾವಲುಗಾರರೇ ಹೆಚ್ಚು.

ಕತ್ತಲೆ ಮತ್ತು ಶಬ್ದದ ಕೋಣೆ ಎಂದಿರಿ. ಅಂಥದರಲ್ಲಿ ಒಂದನ್ನು ಹೇಳುತ್ತೇನೆ, ನೀವು ಕಂಡದ್ದು ಅದಲ್ಲದಿದ್ದರೂ ದಾರಿ ಸಿಕ್ಕೀತು. 2018ರಲ್ಲಿ, ಅನಿತಾ ದುಬೆ ಕ್ಯುರೇಟರ್, ಅಂದರೆ ಕೃತಿಗಳನ್ನು ಆರಿಸಿ ಜೋಡಿಸುವವರು, ಆಗಿದ್ದ ಬಿನಾಲೆಯಲ್ಲಿ, ಶಿಲ್ಪಾ ಗುಪ್ತಾ ಅವರ ಕೃತಿ ಇತ್ತು. ಮಂದ ಬೆಳಕು. ನೂರು ಲೋಹದ ಕಡ್ಡಿಗಳು ನೆಲದಿಂದ ಎದ್ದು ನಿಂತಿವೆ, ಒಂದೊಂದರ ಮೊನೆಯೂ ಒಂದು ಹಾಳೆಯನ್ನು ಚುಚ್ಚಿ ಹಿಡಿದಿದೆ. ಒಂದೊಂದು ಹಾಳೆಯ ಮೇಲೂ ಒಂದು ಮೈಕ್ ತೂಗುತ್ತಿದೆ. ಆದರೆ ಆ ಮೈಕು ನಮ್ಮ ಮಾತು ಕೇಳಿಸಿಕೊಳ್ಳುವುದಿಲ್ಲ, ಅದೇ ಮಾತಾಡುತ್ತದೆ. ಬರೆದ ಕಾರಣಕ್ಕೋ ತಮ್ಮ ನಿಲುವಿನ ಕಾರಣಕ್ಕೋ ಸೆರೆಮನೆ ಕಂಡ ನೂರು ಕವಿಗಳ ಸಾಲುಗಳು, ಬೇರೆ ಬೇರೆ ಭಾಷೆಗಳಲ್ಲಿ. ಒಂದು ದನಿ ಒಂದು ಸಾಲು ಹೇಳುತ್ತದೆ, ಉಳಿದ ದನಿಗಳು ಅದನ್ನು ಎತ್ತಿಕೊಳ್ಳುತ್ತವೆ. ನನಗೆ ಅರ್ಥವಾದ ಭಾಷೆ ಎರಡೋ ಮೂರೋ. ಉಳಿದದ್ದು ಬರೀ ದನಿ. ಆದರೂ ಒಬ್ಬನೇ ಹೇಳುವುದಕ್ಕೂ ಹಿಮ್ಮೇಳ ಸೇರುವುದಕ್ಕೂ ಇರುವ ವ್ಯತ್ಯಾಸ ಕಿವಿಗೆ ತಾನಾಗಿ ತಿಳಿಯಿತು. ನಿಮಗಂತೂ ಅದು ನನಗಿಂತ ಬೇಗ ತಿಳಿಯುತ್ತಿತ್ತು. ಚಂಡೆ ಯಾವಾಗ ಸೇರಿತು, ಯಾವಾಗ ಹಿಂದೆ ಸರಿಯಿತು ಎಂದು ಇಡೀ ರಾತ್ರಿ ಕೇಳಿದ ಕಿವಿ ನಿಮ್ಮದು. ಆ ಕಿವಿಯನ್ನು ಗ್ಯಾಲರಿಯ ಬಾಗಿಲಲ್ಲಿ ಚಪ್ಪಲಿಯ ಜೊತೆ ಬಿಟ್ಟು ಬರಬೇಡಿ.

ಯಕ್ಷಗಾನವನ್ನು ನಿಮಗೆ ಯಾರು ಕಲಿಸಿದರು? ಬಹುಶಃ ಯಾರೂ ಇಲ್ಲ. ಚಾಪೆಯ ಮೇಲೆ ಕೂತಿರಿ, ನಿದ್ದೆ ಹೋದಿರಿ, ಬಣ್ಣದ ವೇಷದ ಅಬ್ಬರಕ್ಕೆ ಬೆಚ್ಚಿ ಎದ್ದಿರಿ. ಒಂದೇ ಪ್ರಸಂಗವನ್ನು ಹತ್ತು ಮೇಳದವರು ಆಡಿದ್ದು ನೋಡಿದಿರಿ. ಹೋಲಿಸಲು ಹತ್ತು ಇದ್ದಾಗ ಮಾತು ತಾನಾಗಿ ಬರುತ್ತದೆ. ಗ್ಯಾಲರಿಯಲ್ಲಿ ನಿಮಗೆ ಇನ್ನೂ ಹತ್ತು ಆಗಿಲ್ಲ, ಅಷ್ಟೇ.

ಹೊತ್ತಿನ ಮಾತು ಬಂದಾಗ ಒಂದು ಅಂಕಿ ಹೇಳಬೇಕು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಆರು ಹೆಸರಾಂತ ಚಿತ್ರಗಳ ಮುಂದೆ ಜನ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಅಳೆದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಸರಾಸರಿ ಸುಮಾರು 27 ಸೆಕೆಂಡು. ಅರ್ಧದಷ್ಟು ನೋಟಗಳು 17 ಸೆಕೆಂಡಿನೊಳಗೇ ಮುಗಿದಿದ್ದವು. ಮೈಸೂರಿನ ಎನ್. ಎಸ್. ಹರ್ಷ 2008ರಲ್ಲಿ ಬರೆದ 'ಕಮ್ ಗಿವ್ ಅಸ್ ಎ ಸ್ಪೀಚ್' ಎಂಬ ಚಿತ್ರಕ್ಕೆ ಇದನ್ನು ಹೊಂದಿಸಿ ನೋಡಿ. ಆರು ದೊಡ್ಡ ಫಲಕಗಳು, ಪ್ಲಾಸ್ಟಿಕ್ ಕುರ್ಚಿಗಳ ಸಾಲು ಸಾಲು, ಅದರ ಮೇಲೆ ಎರಡು ಸಾವಿರದಷ್ಟು ಜನ ನಮ್ಮ ಕಡೆಗೇ ಮುಖ ಮಾಡಿ ಕೂತಿದ್ದಾರೆ. ನಮ್ಮ ಊರಿನ ಯಾವ ಸಭೆಗೆ ಹೋದರೂ ಕಾಣುವ ಅದೇ ಕುರ್ಚಿ. ದೂರದಿಂದ ಬರೀ ಒಂದು ನೇಯ್ಗೆ. ಹತ್ತಿರ ಹೋದರೆ ಒಬ್ಬೊಬ್ಬರೂ ಬೇರೆ. 17 ಸೆಕೆಂಡಿನಲ್ಲಿ ಒಂದು ಸಾಲೂ ಮುಗಿಯದು. ಇದನ್ನು ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಒಬ್ಬೊಬ್ಬರನ್ನೇ ಮಾತಾಡಿಸುವ ಹಾಗೆ ನೋಡಬೇಕು. ನೋಡುತ್ತಾ ನೋಡುತ್ತಾ ವೇದಿಕೆಯ ಮೇಲೆ ನಿಂತವರು ನಾವೇ, ಭಾಷಣ ನಮ್ಮಿಂದಲೇ ಬರಬೇಕು ಎಂಬುದು ಹೊಳೆಯುತ್ತದೆ, ಆಗ ಒಳಗೆ ಏನೋ ಅಲುಗಾಡುತ್ತದೆ.

ಇನ್ನು ನಿಮ್ಮ ಮೂರನೇ ಪ್ರಶ್ನೆ, ತಪ್ಪು ಯಾರದು ಎಂಬುದು. ಎಷ್ಟೋ ಸಲ ಕೃತಿಯದೇ. ಸಮಕಾಲೀನ ಕಲೆಯ ಹೆಸರಿನಲ್ಲಿ ಪೊಳ್ಳು ಕೆಲಸಗಳೂ ಬರುತ್ತವೆ, ಇದನ್ನು ಒಪ್ಪಿಕೊಳ್ಳದಿದ್ದರೆ ಒಳ್ಳೆಯದನ್ನು ಒಳ್ಳೆಯದು ಎನ್ನಲೂ ನಮಗೆ ಅಧಿಕಾರವಿರುವುದಿಲ್ಲ. ನಾನು ಬಳಸುವ ಒಂದು ಪರೀಕ್ಷೆ ಇದೆ: ಬೋರ್ಡು ಕಿತ್ತುಹಾಕಿದರೆ ಅಲ್ಲಿ ಏನು ಉಳಿಯುತ್ತದೆ? ಸುರಿಟಾರ ಕವಿತೆ ಕಿತ್ತುಹಾಕಿದರೂ ಕತ್ತಲ ನೀರು ಉಳಿಯುತ್ತದೆ. ಶೀಲಾ ಗೌಡರ ಬೋರ್ಡು ಕಿತ್ತರೂ ಕಲ್ಲಿನ ಮೇಲೆ ಉಳಿಯ ಗುರುತು ಉಳಿಯುತ್ತದೆ. ಆದರೆ ಕೆಲವು ಕೃತಿಗಳಲ್ಲಿ ಇರುವುದೆಲ್ಲ ಬೋರ್ಡಿನಲ್ಲೇ, ನೆಲದ ಮೇಲೆ ಇಟ್ಟದ್ದು ಆ ಬರಹಕ್ಕೆ ಒಂದು ಸಾಕ್ಷಿ ಮಾತ್ರ. ಅಂಥದ್ದು ದುರ್ಬಲ ಎಂದೇ ನನ್ನ ತೀರ್ಮಾನ, ಅದರ ಹಿಂದಿನ ಉದ್ದೇಶ ಎಷ್ಟೇ ದೊಡ್ಡದಿದ್ದರೂ.

ಇನ್ನೊಂದು ಪರೀಕ್ಷೆ ಎರಡನೇ ಭೇಟಿ. 2014ರಲ್ಲಿ ಶಿಲ್ಪಿ ಅನಿಶ್ ಕಪೂರ್ ಕೊಚ್ಚಿಯಲ್ಲಿ ನೆಲದೊಳಗೆ ಒಂದು ಸುಳಿ ಮಾಡಿದ್ದರು. ನೀರು ಭೋರ್ಗರೆಯುತ್ತಾ ತಿರುಗಿ ತಿರುಗಿ ಕೆಳಕ್ಕೆ ಇಳಿಯುತ್ತಲೇ ಇರುತ್ತದೆ. ಮೊದಲ ದಿನ ಕಟಕಟೆ ಹಿಡಿದು ನಿಂತವಳಿಗೆ ಕಾಲಡಿಯ ನೆಲವೇ ಹೋದಂತಾಯಿತು, ಅದೇ ಬೆರಗಿನಲ್ಲಿ ಎರಡು ಪುಟ ಬರೆದೆ. ಕೆಲವು ವಾರದ ನಂತರ ಮತ್ತೆ ಹೋದಾಗ ಸಿಕ್ಕಿದ್ದು ಅದೇ ಬೆರಗು, ಅಷ್ಟೇ ಪ್ರಮಾಣದ್ದು, ಅದಕ್ಕೆ ಹೊಸದೇನೂ ಸೇರಲಿಲ್ಲ. ಹರ್ಷರ ಸಾಲುಗಳಾದರೆ ಹೋದಷ್ಟು ಸಲ ಹೊಸ ಮುಖ ತೋರಿಸುತ್ತವೆ. ಹಾಗೆಂದು ಕಪೂರ್ ಅವರ ಸುಳಿಯನ್ನು ನೋಡಿದ್ದೇ ವ್ಯರ್ಥ ಎನ್ನುವುದಿಲ್ಲ. ಮೊದಲ ಅನಿಸಿಕೆ ಸುಳ್ಳಲ್ಲ. ಅದರ ಪಕ್ಕದಲ್ಲಿ ಎರಡನೆಯದನ್ನೂ ದಿನಾಂಕ ಹಾಕಿ ಬರೆದಿಡಿ, ಯಾವುದನ್ನೂ ಹೊಡೆದುಹಾಕಬೇಡಿ.

ತಪ್ಪು ನಮ್ಮದಾಗುವುದು ದಣಿದಾಗ. ಬಿನಾಲೆಯನ್ನು ಒಂದೇ ದಿನದಲ್ಲಿ ಮುಗಿಸಲು ಹೋಗುವುದು ಒಂದೇ ರಾತ್ರಿ ಐದು ಮೇಳದ ಆಟ ನೋಡಿದ ಹಾಗೆ. ನಾಲ್ಕೈದು ಕೃತಿ ಸಾಕು. ವಿಡಿಯೊ ಇದ್ದರೆ ಅದರ ಅವಧಿ ಎಷ್ಟು ಎಂದು ಮಾತ್ರ ಬೋರ್ಡಿನಲ್ಲಿ ಮೊದಲೇ ನೋಡಿಕೊಳ್ಳಿ, ಇಡೀ ನೋಡುವುದಾದರೆ ಕೂರಿ, ಇಲ್ಲದಿದ್ದರೆ ಮುಂದಕ್ಕೆ ಹೋಗಿ. ಬೆಂಗಳೂರಿಗೆ ಬಂದಾಗ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ, 2009ರಿಂದ ನಡೆಯುತ್ತಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಹೋಗಿ. ದೊಡ್ಡ ಮರಗಳ ನೆರಳಿದೆ, ನಡುನಡುವೆ ಹೊರಗೆ ಕೂರಬಹುದು. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯೂಸಿಯಂ ಆಫ್ ಆರ್ಟ್ ಆಂಡ್ ಫೋಟೋಗ್ರಫಿ ಇದೆ. ಎರಡನ್ನೂ ಒಂದೇ ದಿನ ಮಾಡಬೇಡಿ.

ಬರೆಯುವಾಗ 'ಅದ್ಭುತ', 'ಅರ್ಥವಾಗಲಿಲ್ಲ' ಎಂಬ ಎರಡು ಪದಗಳನ್ನು ಸ್ವಲ್ಪ ದಿನ ಬದಿಗಿಡಿ. ಅವೆರಡೂ ಬಾಗಿಲು ಮುಚ್ಚುವ ಪದಗಳು. ವಸ್ತು ಯಾವುದು, ನನ್ನ ಮೈಗಿಂತ ಎಷ್ಟು ದೊಡ್ಡದು, ಎಷ್ಟು ಹತ್ತಿರ ಹೋಗಲು ಬಿಟ್ಟರು, ನನ್ನ ಕಾಲು ಎಲ್ಲಿ ತಾನಾಗಿ ನಿಂತಿತು ಎಂದು ಬರೆಯಿರಿ. ಆಮೇಲೆ ಅದು ನೆನಪಿಗೆ ತಂದದ್ದು. ಕೃತಿ ಎಲ್ಲಿ ಮುಗಿಯಿತು, ನಿಮ್ಮ ನೆನಪು ಎಲ್ಲಿ ಶುರುವಾಯಿತು ಎಂಬ ಗೆರೆ ಪುಟದ ಮೇಲೆ ನಿಮಗೆ ಕಾಣುತ್ತಿರಲಿ. ಅಜ್ಜಿಯ ಮಾತಿನಲ್ಲೂ ಆ ಗೆರೆ ಇತ್ತು: ಉಳಿಯ ಗುರುತು ಕಲ್ಲಿನದು, 'ಅಯ್ಯೋ' ಅವರದು.

ಈಗ ನಿಮ್ಮ ಸಾಲಿಗೆ ಬರುತ್ತೇನೆ. 'ಹಗ್ಗದ ವಾಸನೆ ನಮ್ಮ ಹಳೇ ಕೊಟ್ಟಿಗೆಯದೇ.' ಆ ಹಗ್ಗ ಯಾವ ನಾರಿನದು, ತೆಂಗಿನದೋ ಪುಂಡಿಯದೋ? ಹೊಸದೋ, ದನ ಕಟ್ಟಿ ಸವೆದದ್ದೋ? ಅದು ನಾರಿನ ವಾಸನೆಯೋ, ಆ ಹಳೇ ಉಗ್ರಾಣದ ತೇವದ್ದೋ? ಕೈಯಿಂದ ಹೊಸೆದದ್ದಾಗಿದ್ದರೆ ಹುರಿ ಒಂದೇ ಸಮ ಇರುವುದಿಲ್ಲ, ಕೈ ಬದಲಾದ ಕಡೆ ನಿಮ್ಮಂಥವರಿಗೆ ತಿಳಿಯುತ್ತದೆ. ಆ ಕೊಟ್ಟಿಗೆ ಈಗ ಇದೆಯೋ ಇಲ್ಲವೋ, ನೀವು ಬರೆದಿಲ್ಲ. 'ಹಳೇ' ಎಂದಷ್ಟೇ ಬರೆದಿದ್ದೀರಿ. ನೆನಪಿರುವಾಗಲೇ ಆ ಸಾಲಿನ ಕೆಳಗೆ ಮುಂದುವರಿಸಿ. ಮಗಳು ಆ ಕೋಣೆಯ ಫೋಟೋ ತೆಗೆದಿದ್ದರೆ ಜೊತೆಗಿಟ್ಟುಕೊಳ್ಳಿ. ಬರೆದದ್ದನ್ನು ನನಗೂ ಕಳಿಸಿ, ಆ ಹಗ್ಗವನ್ನು ನಾನು ನೋಡಿಲ್ಲ.